ಹಿಮದ ಕಡಲಿನ ಅಂಕಿ, ಹೈದರಾಬಾದಿನ ಲೆಕ್ಕ

ಹೈದರಾಬಾದಿಗೆ ಕಡಲಿಲ್ಲ. ದಖ್ಖನಿನ ಬಂಡೆಗಳ ಮೇಲೆ, ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿ ಕುಳಿತ ಊರು ಇದು. ಹತ್ತಿರದ ಬಂಗಾಳಕೊಲ್ಲಿಯ ದಂಡೆಗೂ ಇಲ್ಲಿಂದ ಇನ್ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ದೂರ. ಆದರೂ ಮಲ್ಪೆಯ ದೋಣಿ ನಾಳೆ ಯಾವ ದಿಕ್ಕಿಗೆ ಹೋದರೆ ಬಲೆ ತುಂಬೀತು, ಉಳ್ಳಾಲದ ದಂಡೆಗೆ ನಾಡಿದ್ದು ಎಷ್ಟೆತ್ತರದ ಅಲೆ ಬಡಿದೀತು, ಅಂಡಮಾನಿನಾಚೆ ಕಡಲತಳ ನಡುಗಿದರೆ ಸುನಾಮಿ ಏಳುತ್ತದೋ ಇಲ್ಲವೋ ಎಂಬ ಲೆಕ್ಕವೆಲ್ಲ ನಡೆಯುವುದು ಈ ಊರಿನ ಅಂಚಿನಲ್ಲಿ, ನಿಜಾಂಪೇಟೆ ಪಕ್ಕದ ಪ್ರಗತಿನಗರದಲ್ಲಿ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಎಲ್ಲರ ಬಾಯಲ್ಲಿ ಇಂಕಾಯ್ಸ್, ಇರುವುದು ಅಲ್ಲಿ.

1999ರಲ್ಲಿ ಈ ಸಂಸ್ಥೆ ಹುಟ್ಟಿದಾಗ ಕಡಲಿಲ್ಲದ ಊರನ್ನು ಆರಿಸಿಕೊಂಡದ್ದು ವಿಚಿತ್ರವಾಗಿ ಕಾಣಬಹುದು. ಆದರೆ ಬಾಲಾನಗರದಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಮೊದಲೇ ಬೇರುಬಿಟ್ಟಿತ್ತು. ಶಾದ್‌ನಗರದ ನೆಲಕೇಂದ್ರಕ್ಕೆ ಉಪಗ್ರಹಗಳ ಚಿತ್ರಗಳು ಇಳಿಯುತ್ತಿದ್ದವು. ಕಡಲನ್ನು ಇಡಿಯಾಗಿ ನೋಡುವವರಿಗೆ ದಂಡೆ ಹತ್ತಿರವಿರಬೇಕೆಂದೇನೂ ಇಲ್ಲ, ಅಂಕಿಗಳು ಹೊತ್ತಿಗೆ ಸರಿಯಾಗಿ ಕೈಸೇರಬೇಕು. ನಾನು ಬರೆಯಹೊರಟಿರುವುದು ಆ ಅಂಕಿಗಳ ಬಗ್ಗೆ. ಅದರಲ್ಲೂ ಯಾರೂ ವಾಸಿಸದ, ವರ್ಷದ ಬಹುಪಾಲು ಹೆಪ್ಪುಗಟ್ಟಿರುವ ಉತ್ತರದ ಕಡಲಿನಿಂದ ಒಂದು ಅಂಕಿಯನ್ನು ಎತ್ತಿ ತರಲು ಮನುಷ್ಯರು ಪಡುವ ಪಾಡಿನ ಬಗ್ಗೆ. ಆ ಪಾಡಿನಲ್ಲಿ ನಮ್ಮ ದೇಶದ ಪಾಲು ಇನ್ನೂ ಹೆಚ್ಚಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಗಡಿಯಾರದಲ್ಲಿ ಮುಂಜಾನೆ ಐದೂವರೆ, ಬೆಳಗಿನ ಹನ್ನೊಂದೂವರೆ, ಸಂಜೆ ಐದೂವರೆ, ರಾತ್ರಿ ಹನ್ನೊಂದೂವರೆ. ಹವಾಮಾನ ನೋಡುವವರಿಗೆ ಇವು ನಾಲ್ಕು ಮುಖ್ಯ ಹೊತ್ತುಗಳು. ಗ್ರೀನಿಚ್ ಲೆಕ್ಕದಲ್ಲಿ ಸೊನ್ನೆ, ಆರು, ಹನ್ನೆರಡು, ಹದಿನೆಂಟು ಗಂಟೆ. ಬೇಗಂಪೇಟೆಯ ಹವಾಮಾನ ಕಚೇರಿಯಲ್ಲಾಗಲಿ, ಅಟ್ಲಾಂಟಿಕ್ ದಾಟುತ್ತಿರುವ ಸರಕು ಹಡಗಿನಲ್ಲಾಗಲಿ, ಧ್ರುವದ ಹಿಮದೊಳಗೆ ಸಿಲುಕಿದ ಸಂಶೋಧನಾ ನೌಕೆಯಲ್ಲಾಗಲಿ, ಆ ಕ್ಷಣದ ಗಾಳಿ, ಒತ್ತಡ, ಉಷ್ಣತೆ, ತೇವ, ಮೋಡಗಳನ್ನು ಅದೇ ಹೊತ್ತಿಗೆ ಅಳೆಯಬೇಕು, ಸಂಕೇತದ ಭಾಷೆಗೆ ಇಳಿಸಬೇಕು, ವಿಶ್ವ ಹವಾಮಾನ ಸಂಸ್ಥೆಯ ಜಾಲಕ್ಕೆ ಏರಿಸಬೇಕು. ಸ್ವಲ್ಪ ಹೊತ್ತಿನಲ್ಲಿ ಅದು ಎಲ್ಲ ದೇಶಗಳ ಕಂಪ್ಯೂಟರುಗಳಲ್ಲೂ ಇರುತ್ತದೆ. ದೇಶದೇಶಗಳ ನಡುವೆ ಏನೇ ಮನಸ್ತಾಪವಿರಲಿ, ಈ ಕೊಡುಕೊಳ್ಳುವಿಕೆ ಮಾತ್ರ ನಡೆದುಕೊಂಡು ಬಂದಿದೆ. ಮನುಷ್ಯಕುಲ ಒಟ್ಟಾಗಿ ಮಾಡಿರುವ ಒಳ್ಳೆಯ ಕೆಲಸಗಳ ಸಾಲಿನಲ್ಲಿ ಇದನ್ನು ನಾನು ಬಹಳ ಮೇಲೆ ಇಡುತ್ತೇನೆ.

ಮೇಲ್ಮೈಯ ಮಾತು ಹೀಗಾಯಿತು. ಕಡಲ ಒಳಗೆ? ಉಪಗ್ರಹದ ಕಣ್ಣು ನೀರಿನ ತೆಳುಪೊರೆಯಿಂದ ಕೆಳಕ್ಕೆ ಇಳಿಯುವುದಿಲ್ಲ. ಅದಕ್ಕಾಗಿಯೇ ಆರ್ಗೋ ತೇಲುಯಂತ್ರಗಳು ಬಂದವು. ಆಳೆತ್ತರದ ಕೊಳವೆಯಂಥ ಈ ಸಾಧನ ಒಂದು ಸಾವಿರ ಮೀಟರ್ ಆಳದಲ್ಲಿ ಪ್ರವಾಹದ ಜತೆ ಸುಮ್ಮನೆ ಸಾಗುತ್ತಿರುತ್ತದೆ. ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ತನ್ನೊಳಗಿನ ಎಣ್ಣೆಯನ್ನು ಹೊರಚೀಲಕ್ಕೆ ತಳ್ಳಿಕೊಂಡು ಹಗುರಾಗಿ ಮೇಲೇಳುತ್ತದೆ. ಏಳುವಾಗ ದಾರಿಯುದ್ದಕ್ಕೂ ನೀರಿನ ಉಷ್ಣತೆ, ಉಪ್ಪಿನಂಶಗಳನ್ನು ಅಳೆಯುತ್ತದೆ. ಮೇಲೆ ತಲೆ ಹಾಕಿ ಉಪಗ್ರಹಕ್ಕೆ ವರದಿ ಒಪ್ಪಿಸಿ ಮತ್ತೆ ಮುಳುಗುತ್ತದೆ. ಭಾರತ 2002ರಿಂದ ಇಂಥ ನಾನೂರಕ್ಕೂ ಹೆಚ್ಚು ಯಂತ್ರಗಳನ್ನು ನೀರಿಗಿಳಿಸಿದೆ. ಜಗತ್ತಿನ ಕಡಲುಗಳಲ್ಲಿ ಈಗ ಸುಮಾರು ನಾಲ್ಕು ಸಾವಿರ ಯಂತ್ರಗಳು ಓಡಾಡುತ್ತಿವೆ. ಹಿಂದೂ ಮಹಾಸಾಗರದ ಮಟ್ಟಿಗೆ ಇವುಗಳ ಪ್ರಾದೇಶಿಕ ದತ್ತಾಂಶ ಕೇಂದ್ರ ಹೈದರಾಬಾದಿನ ಇಂಕಾಯ್ಸ್.

ಬಂದ ಅಂಕಿಯನ್ನು ಬಂದ ಹಾಗೆಯೇ ನಂಬುವಂತಿಲ್ಲ. ಅದಕ್ಕೆ ಪರೀಕ್ಷೆಗಳ ಸಾಲೇ ಇದೆ. ತಾರೀಖು ಸಾಧ್ಯವೇ? ಯಂತ್ರ ತಾನು ಇದ್ದೇನೆಂದು ಹೇಳುವ ಜಾಗ ನೀರೋ ನೆಲವೋ? ಹಿಂದಿನ ಸಲ ಇದ್ದ ಜಾಗದಿಂದ ಇಲ್ಲಿಗೆ ಬರಲು ನಂಬಲಾಗದ ವೇಗ ಬೇಕಿತ್ತೇ? ಮೇಲಿನ ನೀರು ಕೆಳಗಿನ ನೀರಿಗಿಂತ ಭಾರ ಎಂದು ತೋರಿಸುತ್ತಿದೆಯೇ? ಭಾರದ ನೀರು ಹಗುರ ನೀರಿನ ಮೇಲೆ ನಿಲ್ಲಲಾರದು, ಹಾಗೆ ತೋರಿದರೆ ಸಂವೇದಕದ ಮೇಲೆ ಅನುಮಾನ ಪಡಬೇಕು. ಪಾಚಿ ಹಿಡಿದ ಉಪ್ಪಳತೆಯ ಕೋಶ ವರ್ಷಗಟ್ಟಲೆ ನಿಧಾನವಾಗಿ ಸುಳ್ಳು ಹೇಳಲು ತೊಡಗುತ್ತದೆ, ಅದನ್ನು ಪತ್ತೆಹಚ್ಚಲು ತಿಂಗಳುಗಳ ತಾಳ್ಮೆ ಬೇಕು. ಕಡಲ ವಿಜ್ಞಾನದ ಅರ್ಧ ಸಂಗತಿ ಇರುವುದೇ ಈ ಸೋಸುವಿಕೆಯಲ್ಲಿ. ಹಾಗೆ ಸೋಸಲು ಹೋಲಿಕೆಗೊಂದು ನಂಬಿಕಸ್ಥ ಅಳತೆ ಬೇಕು. ಅದು ಸಿಗುವುದು ಹಡಗಿನಿಂದ.

ಆರ್ಗೋ ಸೋಲುವ ಜಾಗವೂ ಒಂದಿದೆ, ಹಿಮದ ಕಡಲು. ಕಡಲ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ, ಸುಮಾರು ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ. ತಲೆಯ ಮೇಲೆ ಒಂದೆರಡು ಮೀಟರ್ ದಪ್ಪದ ಚಪ್ಪಡಿ ಇದ್ದರೆ ಯಂತ್ರ ಮೇಲೆ ಬರುವುದು ಹೇಗೆ, ಉಪಗ್ರಹದೊಂದಿಗೆ ಮಾತಾಡುವುದು ಹೇಗೆ? ದಕ್ಷಿಣ ಧ್ರುವದ ಸುತ್ತಲಿನ ಕಡಲಿಗಾಗಿ ಜರ್ಮನ್ ವಿಜ್ಞಾನಿಗಳು ಒಂದು ಉಪಾಯ ಕಂಡುಕೊಂಡರು: ಮೇಲೇಳುವಾಗ ನೀರು ಹೆಪ್ಪುಬಿಂದುವಿಗೆ ತೀರ ಹತ್ತಿರವಿದ್ದರೆ ಮೇಲೆ ಹಿಮವಿದೆ ಎಂದು ಯಂತ್ರವೇ ಊಹಿಸಿ ಹಿಂದಿರುಗುತ್ತದೆ, ವರದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇಸಿಗೆಗೆ ಕಾಯುತ್ತದೆ. ಉತ್ತರ ಧ್ರುವದ ನಡುಗಡಲಿನಲ್ಲಿ ಅಂಥ ಬೇಸಿಗೆಯೂ ಸುಲಭಕ್ಕೆ ಬಾರದು. ಹಾಗಾಗಿ ಇಂದಿಗೂ ಅಲ್ಲಿ ಹಡಗೇ ಹೋಗಬೇಕು. ಅದೂ ಎಂಥ ಹಡಗು? ಹಿಮದ ಮೇಲೆ ಮೂತಿಯೇರಿಸಿ, ತನ್ನ ತೂಕದಿಂದಲೇ ಅದನ್ನು ಒಡೆದು ಮುಂದೆ ಸಾಗಬಲ್ಲ ಹಿಮಭೇದಕ.

ಇವುಗಳ ಪೈಕಿ ಹೆಸರಾಂತದ್ದು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ 'ಪೋಲಾರ್‌ಸ್ಟರ್ನ್'. 1982ರಿಂದ ಸೇವೆಯಲ್ಲಿರುವ, 118 ಮೀಟರ್ ಉದ್ದದ ನೌಕೆ. ಒಂದೂವರೆ ಮೀಟರ್ ದಪ್ಪದ ಹಿಮವನ್ನು ನಿಲ್ಲದೆ ಒಡೆಯುತ್ತ ಸಾಗಬಲ್ಲದು. 2019ರ ಸೆಪ್ಟೆಂಬರ್ 20ರಂದು ನಾರ್ವೆಯ ಟ್ರೊಮ್ಸೊ ಬಂದರು ಬಿಟ್ಟ ಈ ಹಡಗು, ಅಕ್ಟೋಬರ್ 4ರಂದು ಬೇಕೆಂದೇ ಒಂದು ಹಿಮಫಲಕಕ್ಕೆ ತನ್ನನ್ನು ಕಟ್ಟಿಕೊಂಡು, ಗಾಳಿ ಮತ್ತು ಪ್ರವಾಹ ಒಯ್ದ ಕಡೆಗೆ ತೇಲುತ್ತ ಹೋಯಿತು. 'ಮೊಸಾಯಿಕ್' ಎಂಬ ಈ ಯಾನದಲ್ಲಿ ಇಪ್ಪತ್ತು ದೇಶಗಳ ನೂರಾರು ವಿಜ್ಞಾನಿಗಳು ಪಾಳಿಯ ಮೇಲೆ ಬಂದು ಕೆಲಸ ಮಾಡಿದರು. ತಿಂಗಳುಗಟ್ಟಲೆ ಸೂರ್ಯನಿಲ್ಲದ ಇರುಳು, ಮೈನಸ್ ನಲವತ್ತರ ಆಚೀಚೆ ಇಳಿಯುವ ಚಳಿ, ಹಿಮಕರಡಿಯ ಭಯಕ್ಕೆ ಕೋವಿ ಹಿಡಿದ ಕಾವಲು.

ಗಾಳಿ ಅಳೆಯುವಂಥ ಸುಲಭದ ಕೆಲಸವೂ ಹಡಗಿನ ಮೇಲೆ ಸುಲಭವಾಗಿ ಉಳಿಯುವುದಿಲ್ಲ. ಗಾಳಿಯೇ ಇಲ್ಲದ ದಿನ ಹಡಗು ಹತ್ತು ನಾಟ್ ವೇಗದಲ್ಲಿ ಉತ್ತರಕ್ಕೆ ಹೊರಟರೆ, ಕಂಬದ ಮೇಲಿನ ಮಾಪಕ ಉತ್ತರದಿಂದ ಹತ್ತು ನಾಟ್ ಗಾಳಿ ಬೀಸುತ್ತಿದೆ ಎಂದೇ ತೋರಿಸುತ್ತದೆ. ಆದ್ದರಿಂದ ಹಡಗಿನ ವೇಗವನ್ನೂ ದಿಕ್ಕನ್ನೂ ಪ್ರತಿ ಓದಿನಿಂದ ಕಳೆಯಬೇಕು. ದಿಕ್ಕು ಗೊತ್ತಾಗುವುದಾದರೂ ಹೇಗೆ? ಧ್ರುವದ ಹತ್ತಿರ ಕಾಂತಸೂಚಿ ಕೈಕೊಡುತ್ತದೆ, ತಿರುಗುಬುಗುರಿಯ ತತ್ತ್ವದ ಗೈರೋ ದಿಕ್ಸೂಚಿಯ ಬಲವೂ ಕುಂದುತ್ತದೆ. ಉಪಗ್ರಹದ ಸ್ಥಾನಸೂಚಿಯನ್ನೇ ನೆಚ್ಚಬೇಕು. ಧ್ರುವದ ನೆತ್ತಿಯ ಮೇಲಂತೂ ಯಾವ ಕಡೆಗೆ ಮುಖ ಮಾಡಿದರೂ ದಕ್ಷಿಣವೇ. ಇದರ ಮೇಲೆ ತುಂತುರು ಹೆಪ್ಪುಗಟ್ಟಿ ಮಾಪಕದ ಬಟ್ಟಲುಗಳನ್ನು ಕಚ್ಚಿ ಹಿಡಿಯುತ್ತದೆ. ಆಗ ಯಾರಾದರೂ ಕಂಬ ಹತ್ತಿ ಹಿಮ ಕೊಡವಬೇಕು. ಬೀಸುವ ಗಾಳಿಗೆ ನೆಲದ ಹಿಮಪುಡಿಯೇ ಎದ್ದು ಮಾಪಕಕ್ಕೆ ಬೀಳುವುದರಿಂದ, ಎಷ್ಟು ಹಿಮ ನಿಜಕ್ಕೂ ಆಕಾಶದಿಂದ ಸುರಿಯಿತು ಎಂಬುದನ್ನು ಬೇರ್ಪಡಿಸುವುದು ಇಂದಿಗೂ ತಲೆನೋವಿನ ಕೆಲಸ.

ಹಡಗೇ ಒಂದು ದೊಡ್ಡ ಒಲೆ ಎಂಬುದು ಇನ್ನೊಂದು ತೊಡಕು. ಅದರ ಎಂಜಿನ್, ಹೊಗೆ, ದೀಪ, ಬಿಸಿಗೋಡೆ ಎಲ್ಲವೂ ಸುತ್ತಲಿನ ಗಾಳಿಯನ್ನು ಕೆಡಿಸುತ್ತವೆ. ಹಾಗಾಗಿ ಮೊಸಾಯಿಕ್ ತಂಡ ತನ್ನ ಮುಖ್ಯ ಹವಾಮಾನ ಗೋಪುರವನ್ನು ಹಡಗಿನಿಂದ ಸುಮಾರು ಅರ್ಧ ಕಿಲೋಮೀಟರ್ ಆಚೆ ಹಿಮದ ಮೇಲೆ ನೆಟ್ಟಿತು. ಹಿಮ ಬಿರುಕು ಬಿಟ್ಟಾಗಲೆಲ್ಲ ಕೇಬಲ್ಲುಗಳನ್ನು ಬಿಡಿಸಿ, ಎಳೆದು, ಮತ್ತೆ ಹೂಡಬೇಕಾಗುತ್ತಿತ್ತು.

ಬಲೂನಿನ ಕೆಲಸ ನೋಡಲು ಚೆಂದ. ಹಡಗಿನ ಹೆಲಿಕಾಪ್ಟರ್ ಅಟ್ಟದಲ್ಲಿ ಹೀಲಿಯಂ ತುಂಬಿದ ಬಿಳಿ ಬಲೂನು, ಅದರ ಕೆಳಗೆ ದಾರದ ತುದಿಯಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ. ಕೈಬಿಟ್ಟ ಕ್ಷಣದಿಂದ ಅದು ಸೆಕೆಂಡಿಗೆ ಐದು ಮೀಟರಿನಂತೆ ಏರುತ್ತ, ಉಷ್ಣತೆ, ತೇವಾಂಶ, ಗಾಳಿಯ ಸುದ್ದಿಯನ್ನು ರೇಡಿಯೊದಲ್ಲಿ ಕಳಿಸುತ್ತ, ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಹಿಗ್ಗಿ ಒಡೆಯುತ್ತದೆ. ಮೊಸಾಯಿಕ್ ಯಾನದಲ್ಲಿ ದಿನಕ್ಕೆ ನಾಲ್ಕು ಸಲ, ಬಿರುಗಾಳಿಯಿರಲಿ ಕತ್ತಲಿರಲಿ, ಇದು ನಡೆಯಿತು. ಸಾವಿರಾರು ಕಿಲೋಮೀಟರ್ ಸುತ್ತಳತೆಯಲ್ಲಿ ಆ ಆಕಾಶವನ್ನು ಒಳಹೊಕ್ಕು ನೋಡುವ ಬೇರೆ ಕಣ್ಣೇ ಇರಲಿಲ್ಲ ಎಂಬುದನ್ನು ನೆನೆದರೆ ಒಂದೊಂದು ಬಲೂನಿನ ಬೆಲೆ ತಿಳಿಯುತ್ತದೆ. ಹೈದರಾಬಾದಿಗೆ ಬಲೂನು ಹೊಸದಲ್ಲ: ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ನೆಲೆ ಇಲ್ಲೇ ಇದ್ದು, ವಾಯುಮಂಡಲದ ಮೇಲ್ಪದರಕ್ಕೆ ದೊಡ್ಡ ದೊಡ್ಡ ಬಲೂನುಗಳನ್ನು ದಶಕಗಳಿಂದ ಹಾರಿಸುತ್ತ ಬಂದಿದೆ.

ನೀರಿನ ಅಳತೆಯ ಮುಖ್ಯ ಉಪಕರಣವನ್ನು ಸಿಟಿಡಿ ಎನ್ನುತ್ತಾರೆ. ಉಪ್ಪಿನಂಶ, ಉಷ್ಣತೆ, ಆಳ ಮೂರನ್ನೂ ಒಟ್ಟಿಗೆ ಅಳೆಯುವ ಕಬ್ಬಿಣದ ಪಂಜರ. ಸುತ್ತ ಕೋವಿಗುಂಡಿನ ಸಾಲಿನಂತೆ ನಿಂತ ಉದ್ದನೆಯ ಬಾಟಲಿಗಳು. ವಿಂಚಿನ ಉಕ್ಕಿನ ಹಗ್ಗದಲ್ಲಿ ಇದನ್ನು ಮೂರು ನಾಲ್ಕು ಸಾವಿರ ಮೀಟರ್ ಇಳಿಸುತ್ತಾರೆ. ಇಳಿಯುವಾಗ ಮೇಲಿನ ಕೋಣೆಯ ಪರದೆಯ ಮೇಲೆ ಗೆರೆಗಳು ಮೂಡುತ್ತ ಹೋಗುತ್ತವೆ, ಏರಿಸುವಾಗ ಬೇಕಾದ ಆಳದಲ್ಲಿ ಒಂದೊಂದೇ ಬಾಟಲಿಯ ಬಾಯಿ ಮುಚ್ಚಿಸಿ ಆ ಆಳದ ನೀರನ್ನೇ ಹಿಡಿದು ತರುತ್ತಾರೆ. ಆ ನೀರಿನ ಉಪ್ಪನ್ನು ಪ್ರಯೋಗಾಲಯದಲ್ಲಿ ಅಳೆದು, ಸಂವೇದಕ ಹೇಳಿದ್ದು ಸರಿಯೇ ಎಂದು ತಾಳೆ ನೋಡುತ್ತಾರೆ. ಮೈನಸ್ 1.8ರ ನೀರಿನಿಂದ ಮೈನಸ್ ಮೂವತ್ತರ ಗಾಳಿಗೆ ಪಂಜರ ಬಂದ ಕ್ಷಣ ನಿಜವಾದ ಅಪಾಯ. ಉಪ್ಪಳತೆಯ ಗಾಜಿನ ಕೋಶದೊಳಗೆ ಉಳಿದ ನೀರು ನಿಮಿಷಗಳಲ್ಲಿ ಹೆಪ್ಪುಗಟ್ಟಿ ಗಾಜನ್ನೇ ಸೀಳಬಲ್ಲದು. ಅದಕ್ಕೆ ಬಿಸಿಮಾಡಿದ ಗುಡಾರವೋ ಮುಚ್ಚಿದ ಅಂಗಳವೋ ಸಿದ್ಧವಿರಬೇಕು. ನಾಲ್ಕಾರು ಜನ ಓಡೋಡಿ ಪಂಜರವನ್ನು ಒಳಗೆಳೆಯಬೇಕು. ಅಲ್ಲಿ ಒಂದು ಕೋಶ ಒಡೆದರೆ ಮುಂದಿನ ಅಳತೆಗಳೆಲ್ಲ ಅನುಮಾನಕ್ಕೆ ಒಳಗಾಗುತ್ತವೆ.

ಇಷ್ಟೆಲ್ಲ ಕಷ್ಟಪಟ್ಟು ನೋಡುವಂಥದ್ದು ಹಿಮದಡಿಯಲ್ಲಿ ಏನಿದೆ? ಒಂದು ಬಿಸಿ ಕಡಲಿದೆ. ಅಟ್ಲಾಂಟಿಕ್‌ನಿಂದ ಹರಿದುಬಂದ ಬೆಚ್ಚನೆಯ, ಉಪ್ಪು ಹೆಚ್ಚಿದ ನೀರು ಆರ್ಕ್ಟಿಕ್‌ನಲ್ಲಿ ಇನ್ನೂರು ಮೀಟರಿನಿಂದ ಕೆಳಗೆ ದಪ್ಪ ಪದರವಾಗಿ ಹಾಸಿಕೊಂಡಿದೆ. ಮೇಲಿನ ಹಿಮವನ್ನು ಕರಗಿಸಲು ಸಾಲುವಷ್ಟು ಶಾಖ ಅದರಲ್ಲಿದೆ. ನಡುವೆ ತಣ್ಣನೆಯ, ಸಪ್ಪೆ ನೀರಿನ ಪದರವೊಂದು ಅಡ್ಡವಾಗಿರುವುದರಿಂದ ಆ ಶಾಖ ಮೇಲೇರದೆ ನಿಂತಿದೆ. ಆ ತೆರೆ ತೆಳುವಾದರೆ ಏನಾಗುತ್ತದೆ ಎಂಬುದು ಇಂದಿನ ದೊಡ್ಡ ಪ್ರಶ್ನೆ, ಅದನ್ನು ಮೇಲಿನಿಂದ ಫೋಟೊ ತೆಗೆದು ತಿಳಿಯಲಾಗದು.

ಈ ಬೆಚ್ಚನೆಯ ಪದರವನ್ನು ಮೊದಲು ಕಂಡವರು ನಾರ್ವೆಯ ಫ್ರಿತ್ಯೋಫ್ ನಾನ್ಸೆನ್. 1893ರಲ್ಲಿ 'ಫ್ರಾಮ್' ಎಂಬ ಮರದ ಹಡಗನ್ನು ಹಿಮಕ್ಕೆ ಒಪ್ಪಿಸಿ ತೇಲಲು ಬಿಟ್ಟರು, ಹಡಗು ಹಿಮದಿಂದ ಹೊರಬಿದ್ದದ್ದು 1896ರಲ್ಲಿ. ಮೊಸಾಯಿಕ್ ಆ ಯಾನದ ಹೆಜ್ಜೆಯಲ್ಲೇ ನಡೆದದ್ದು. ನಾನ್ಸೆನ್ನರ ಟಿಪ್ಪಣಿಯಲ್ಲಿದ್ದ ಇನ್ನೊಂದು ಸಂಗತಿ ನಮ್ಮ ಕರಾವಳಿಯವರಿಗೆ ಬಹಳ ಬೇಕಾದದ್ದು. ಹಿಮ ಗಾಳಿ ಬೀಸಿದ ದಿಕ್ಕಿಗೇ ಹೋಗುತ್ತಿರಲಿಲ್ಲ, ಅದರ ಬಲಕ್ಕೆ ಇಪ್ಪತ್ತರಿಂದ ನಲವತ್ತು ಡಿಗ್ರಿ ವಾಲುತ್ತಿತ್ತು. ಭೂಮಿಯ ತಿರುಗುವಿಕೆಯೇ ಇದಕ್ಕೆ ಕಾರಣವಿರಬೇಕೆಂದು ಅವರಿಗೆ ಅನ್ನಿಸಿತು. ಸ್ವೀಡನ್ನಿನ ತರುಣ ವಾಗ್ನ್ ವಾಲ್ಫ್ರಿಡ್ ಎಕ್‌ಮನ್ ಅದನ್ನು ಗಣಿತಕ್ಕೆ ಇಳಿಸಿ, ಉತ್ತರ ಗೋಳಾರ್ಧದಲ್ಲಿ ಗಾಳಿಯ ತಳ್ಳುವಿಕೆಗೆ ಮೇಲ್ಪದರದ ನೀರು ಒಟ್ಟಾರೆಯಾಗಿ ಗಾಳಿಯ ಬಲಕ್ಕೆ ಸರಿಯುತ್ತದೆ ಎಂದು ತೋರಿಸಿದರು. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಸಾಗುವ ಗಾಳಿಯ ಪಾಲೊಂದಿದೆ. ಅದರ ಬಲವೆಂದರೆ ದಂಡೆಯಿಂದ ಆಚೆ. ಮೇಲಿನ ನೀರು ಆಚೆ ಸರಿದಂತೆ ತಳದ ತಂಪು ನೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ, ಸೂಕ್ಷ್ಮಸಸ್ಯಗಳು ಹುಲುಸಾಗುತ್ತವೆ, ಬೂತಾಯಿ, ಬಂಗುಡೆಗಳ ಹಿಂಡು ಬರುತ್ತದೆ. ಕೇರಳದ ಕಡೆ ಜೋರಾಗಿ, ಮಂಗಳೂರು-ಮಲ್ಪೆಗಳ ಕಡೆಗೆ ಬರುಬರುತ್ತ ಮೆಲ್ಲಗೆ ನಡೆಯುವ ಈ ಮೇಲೇಳುವಿಕೆಯ ಗಣಿತಕ್ಕೆ ಮೊದಲ ಸುಳಿವು ಸಿಕ್ಕಿದ್ದು ಧ್ರುವದ ಹಿಮದಲ್ಲಿ ಸಿಲುಕಿದ ಹಡಗಿನ ಅಟ್ಟದ ಮೇಲೆ. ಇಂಕಾಯ್ಸ್ ಕನ್ನಡದಲ್ಲೂ ಕೊಡುವ ಮೀನುಗಾರಿಕಾ ಸೂಚನೆಯ ಹಿಂದೆ ಉಪಗ್ರಹ ಕಂಡ ನೀರಿನ ಉಷ್ಣತೆ, ಹಸಿರು ಬಣ್ಣಗಳಿವೆ. ಆ ಬಣ್ಣ ಅಲ್ಲೇ ಏಕೆ ಮೂಡಿತೆಂಬುದಕ್ಕೆ ವಿವರಣೆ ಎಕ್‌ಮನ್‌ನದು.

ಭಾರತದ ಪಾಲಿಗೆ ಬರೋಣ. 2007ರಲ್ಲಿ ನಮ್ಮ ವಿಜ್ಞಾನಿಗಳ ಮೊದಲ ತಂಡ ಆರ್ಕ್ಟಿಕ್‌ಗೆ ಹೋಯಿತು. 2008ರ ಜುಲೈಯಲ್ಲಿ ಸ್ವಾಲ್ಬಾರ್ಡ್ ದ್ವೀಪಸ್ತೋಮದ ನ್ಯೂ ಓಲೆಸುಂಡ್‌ನಲ್ಲಿ 'ಹಿಮಾದ್ರಿ' ಕೇಂದ್ರ ಬಾಗಿಲು ತೆರೆಯಿತು. ಉತ್ತರ ಧ್ರುವ ಅಲ್ಲಿಂದ ಸುಮಾರು 1,200 ಕಿಲೋಮೀಟರ್. ಅಲ್ಲಿ ವೈಫೈ ಬಳಸುವಂತಿಲ್ಲ. ಸೂಕ್ಷ್ಮ ರೇಡಿಯೊ ದೂರದರ್ಶಕಗಳಿಗೆ ಅದು ಅಡ್ಡಿ. 2014ರ ಜುಲೈ 23ರಂದು ಅಲ್ಲಿನ ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲತೋಳಿನಲ್ಲಿ ಭಾರತ 'ಇಂಡಾರ್ಕ್' ಲಂಗರು ವೀಕ್ಷಣಾಲಯವನ್ನು ಇಳಿಸಿತು. 192 ಮೀಟರ್ ಆಳದಲ್ಲಿ ಭಾರದ ಲಂಗರು, ಅದರಿಂದ ಮೇಲಕ್ಕೆ ನೆಟ್ಟಗೆ ನಿಂತ ಹಗ್ಗ, ಹಗ್ಗದುದ್ದಕ್ಕೂ ಬೇರೆ ಬೇರೆ ಆಳದಲ್ಲಿ ಸಂವೇದಕಗಳು. ತೇಲುವ ಹಿಮಗಡ್ಡೆ ಬಂದು ಬಡಿಯಬಾರದೆಂದು ಅದರ ತುದಿಯನ್ನೂ ನೀರಿನೊಳಗೇ ಮುಳುಗಿಸಿಡುತ್ತಾರೆ. ಹಾಗಾಗಿ ಅದು ಉಪಗ್ರಹಕ್ಕೆ ಏನನ್ನೂ ಹೇಳಲಾರದು. ಅಂಕಿಗಳನ್ನು ಒಳಗೇ ಬರೆದಿಟ್ಟುಕೊಳ್ಳುತ್ತದೆ. ಮುಂದೆ ಹಡಗು ಬಂದು ಮೇಲೆತ್ತಿದಾಗಲೇ ಆ ಚಳಿಗಾಲದಲ್ಲಿ ಏನಾಯಿತೆಂದು ತಿಳಿಯುವುದು. ಎತ್ತುವ ದಿನ ಅದು ಸಿಗದೇ ಹೋದರೆ ಇಡೀ ಕಾಲಾವಧಿಯ ಅಂಕಿ ಕಡಲಪಾಲು.

ಇದನ್ನು ಇಳಿಸಿದ ಹಡಗು ನಮ್ಮದಾಗಿರಲಿಲ್ಲ. ನಾರ್ವೆಯ ಧ್ರುವ ಸಂಸ್ಥೆಯ 'ಲ್ಯಾನ್ಸ್' ನೌಕೆ ಅದು. ಅದೇ ಲ್ಯಾನ್ಸ್ ಮರುವರ್ಷ, 2015ರ ಜನವರಿಯಿಂದ ಜೂನ್‌ವರೆಗೆ, ಸ್ವಾಲ್ಬಾರ್ಡ್‌ನ ಉತ್ತರದ ಹಿಮದಲ್ಲಿ ಸಿಲುಕಿಕೊಂಡು ತೇಲುತ್ತ, ತೆಳುವಾಗುತ್ತಿರುವ ಹೊಸ ಹಿಮದ ಚಳಿಗಾಲವನ್ನು ಅಳೆಯಿತು. ಮೊಸಾಯಿಕ್‌ನಲ್ಲೂ ಕೇರಳದ ಒಬ್ಬ ಯುವ ವಿಜ್ಞಾನಿ ಇದ್ದರು. ಹಿಮದ ಮೇಲೆ ರೇಡಾರ್ ಎಳೆದುಕೊಂಡು ಹೋಗಿ, ಉಪಗ್ರಹ ಹೇಳುವ ಹಿಮದ ದಪ್ಪ ಎಷ್ಟು ನಿಜ ಎಂದು ಪರೀಕ್ಷಿಸುವುದು ಅವರ ಕೆಲಸ. ಅವರು ಅಲ್ಲಿಗೆ ಹೋದದ್ದು ಕೆನಡಾದ ವಿಶ್ವವಿದ್ಯಾಲಯದ ಮೂಲಕ.

ಅಲ್ಲಿನ ಹಿಮಕ್ಕೂ ನಮ್ಮ ಮಳೆಗೂ ಏನು ಸಂಬಂಧ? 2021ರಲ್ಲಿ ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಸೌರವ್ ಚಟರ್ಜಿ ಮತ್ತು ಸಂಗಡಿಗರು ನಾರ್ವೆಯ ವಿಜ್ಞಾನಿಗಳ ಜತೆ ಒಂದು ಪ್ರಬಂಧ ಪ್ರಕಟಿಸಿದರು. ರಷ್ಯದ ಉತ್ತರಕ್ಕಿರುವ ಕಾರಾ ಕಡಲಿನಲ್ಲಿ ಬೇಸಿಗೆಯ ಹಿಮ ಕಡಿಮೆಯಾದ ವರ್ಷಗಳಲ್ಲಿ, ಮುಂಗಾರಿನ ಕೊನೆಯಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ, ಮಧ್ಯ ಭಾರತದ ಮೇಲೆ ಅತಿಮಳೆಯ ಘಟನೆಗಳು ಹೆಚ್ಚುತ್ತವೆ ಎಂಬ ನಂಟನ್ನು ಅವರು ಗುರುತಿಸಿದರು. ಹಿಮವಿಲ್ಲದ ನೀರು ಗಾಳಿಗೆ ಶಾಖ ಬಿಡುತ್ತದೆ. ವಾಯವ್ಯ ಯುರೋಪಿನ ಮೇಲೆ ಎತ್ತರದಲ್ಲಿ ಅಧಿಕ ಒತ್ತಡದ ವಲಯ ಕಟ್ಟಿಕೊಳ್ಳುತ್ತದೆ. ಅಲ್ಲಿಂದ ಹೊರಟ ವಾಯುಮಂಡಲದ ಅಲೆ ಏಷ್ಯದ ಕಡೆಗೆ ಸಾಗಿಬರುತ್ತದೆ. ಇತ್ತ ಅರಬ್ಬೀ ಸಮುದ್ರವೂ ಬೆಚ್ಚಗಿದ್ದು ತೇವ ಒದಗಿಸಿದರೆ ಮಳೆ ಸುರಿಯುತ್ತದೆ. ಪ್ರಬಂಧದ ಲೇಖಕರಲ್ಲಿ ಎಂ. ರವಿಚಂದ್ರನ್ ಅವರೂ ಒಬ್ಬರು. ಹೈದರಾಬಾದಿನಲ್ಲಿ ಆರ್ಗೋ ಕೆಲಸವನ್ನು ಕಟ್ಟಿ ಬೆಳೆಸಿದವರು, ಮುಂದೆ ಗೋವೆಯ ಧ್ರುವ ಕೇಂದ್ರದ ನಿರ್ದೇಶಕರಾದವರು, 2021ರಲ್ಲಿ ಭೂವಿಜ್ಞಾನ ಸಚಿವಾಲಯದ ಕಾರ್ಯದರ್ಶಿಯಾದವರು ಅವರೇ. ಬಂಗಾಳಕೊಲ್ಲಿಯ ನೀರಿನ ಲೆಕ್ಕದಿಂದ ಕಾರಾ ಕಡಲಿನ ಹಿಮದ ಲೆಕ್ಕದವರೆಗೆ ಒಬ್ಬರೇ ನಡೆದುಬಂದ ಈ ದಾರಿಯನ್ನು ನೋಡಿದರೆ ಎರಡೂ ಒಂದೇ ಲೆಕ್ಕದ ಪುಟಗಳೆನ್ನುವುದು ಮನದಟ್ಟಾಗುತ್ತದೆ.

ಇದು ಅಂಕಿಸಂಖ್ಯೆಯಲ್ಲಿ ಕಂಡ ನಂಟು. ಇಂಥ ದಿನದ ಇಂಥ ಮಳೆಗೆ ಆ ಹಿಮವೇ ಕಾರಣ ಎಂದು ಬೊಟ್ಟು ಮಾಡಲು ಬಾರದು. ಉದಾಹರಣೆಗೆ, 2020ರ ಅಕ್ಟೋಬರ್ 12ರಂದು ಪೋಲಾರ್‌ಸ್ಟರ್ನ್ ಮೊಸಾಯಿಕ್ ಮುಗಿಸಿ ಜರ್ಮನಿಯ ಬ್ರೆಮರ್‌ಹಾಫನ್ ಬಂದರಿಗೆ ಮರಳಿತು. ಮರುದಿನ ಬೆಳಿಗ್ಗೆ ಬಂಗಾಳಕೊಲ್ಲಿಯ ತೀವ್ರ ವಾಯುಭಾರ ಕುಸಿತ ಕಾಕಿನಾಡದ ಬಳಿ ನೆಲ ಮುಟ್ಟಿ ಹೈದರಾಬಾದಿನ ಮೇಲೆ ಹಾದುಹೋಯಿತು. ಬೇಗಂಪೇಟೆಯಲ್ಲಿ ಒಂದೇ ದಿನದಲ್ಲಿ ಸುಮಾರು 190 ಮಿಲಿಮೀಟರ್ ಮಳೆ, ಮುಳುಗಿದ ಬಡಾವಣೆಗಳು, ಕುಸಿದ ಗೋಡೆಗಳು, ಹೋದ ಜೀವಗಳು. ಅದೇ ಮೋಡ ಮುಂದೆ ಸಾಗಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಮೇಲೆ ಸುರಿದು ಭೀಮೆಯ ದಂಡೆಯ ಹಳ್ಳಿಗಳನ್ನು ನೀರಲ್ಲಿ ನಿಲ್ಲಿಸಿತು. ಎರಡು ಘಟನೆಗಳು ಒಂದೇ ವಾರದಲ್ಲಿ ಬಂದದ್ದು ಕಾಕತಾಳೀಯ. ಆದರೆ ಇಂಥ ಮಳೆಯನ್ನು ಇನ್ನೊಂದೆರಡು ದಿನ ಮೊದಲೇ, ಇನ್ನಷ್ಟು ಖಚಿತವಾಗಿ ಹೇಳಬೇಕೆಂದರೆ ಮುನ್ಸೂಚನೆಯ ಮಾದರಿಗೆ ಇಡೀ ಭೂಗೋಳದ ಆರಂಭದ ಸ್ಥಿತಿ ಗೊತ್ತಿರಬೇಕು. ಆ ನಕ್ಷೆಯಲ್ಲಿ ಧ್ರುವದ ಭಾಗ ಖಾಲಿ ಬಿಟ್ಟಷ್ಟೂ ಉಳಿದ ಕಡೆಯ ಲೆಕ್ಕ ಹದಗೆಡುತ್ತದೆ. ಅಲ್ಲಿ ಆಗುತ್ತಿರುವ ಬದಲಾವಣೆಯೂ ಸಣ್ಣದಲ್ಲ: 1979ರಿಂದೀಚೆಗೆ ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ, 2012ರ ಸೆಪ್ಟೆಂಬರಿನಲ್ಲಿ ಹಿಮದ ಹರವು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದಿತ್ತು.

ದಕ್ಷಿಣದ ತುದಿಯಿಂದ ಬರುವ ಸುದ್ದಿಯಂತೂ ಇನ್ನೂ ನೇರ. 2024ರ ಏಪ್ರಿಲ್ ಕೊನೆಯಲ್ಲಿ ದಕ್ಷಿಣ ಅಟ್ಲಾಂಟಿಕ್‌ನಿಂದ ಹಿಂದೂ ಮಹಾಸಾಗರದ ದಕ್ಷಿಣಕ್ಕೆ ಸರಿದ ವಾಯುಭಾರ ಕುಸಿತವೊಂದು ಎಬ್ಬಿಸಿದ ಉಬ್ಬಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಮೇ ಮೊದಲ ವಾರ ನಮ್ಮ ದಂಡೆಗಳನ್ನು ಬಡಿದವು. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಬಿಸಿಲು ಕಾಯುತ್ತಿತ್ತು. ಕೇರಳದವರು ಕಳ್ಳಕ್ಕಡಲ್ ಎನ್ನುವ ಈ ಉಬ್ಬರದ ಎಚ್ಚರಿಕೆಯನ್ನು ಹೈದರಾಬಾದಿನಿಂದ ಮುಂಚಿತವಾಗಿಯೇ ಕೊಟ್ಟಿದ್ದರು. ಆದರೂ ಕನ್ಯಾಕುಮಾರಿ ಬಳಿಯ ಕಡಲತೀರದಲ್ಲಿ ಐವರು ಯುವ ವೈದ್ಯರು ಅಲೆಗೆ ಸಿಕ್ಕಿ ಪ್ರಾಣ ಬಿಟ್ಟರು. ಅಂಕಿ ಅಷ್ಟು ದೂರದಿಂದ ಬಂದು, ಲೆಕ್ಕವೂ ಸರಿಯಾಗಿ, ದಂಡೆಯಲ್ಲಿ ನಿಂತವರ ಕಿವಿ ಮುಟ್ಟದೆ ಹೋದದ್ದು ಮನಸ್ಸಿಗೆ ಬಹಳ ನೋವು ತರುತ್ತದೆ. ಕೊನೆಯ ಆ ನೂರು ಗಜದ ಕೆಲಸಕ್ಕೆ ನಮ್ಮ ಜಿಲ್ಲಾಡಳಿತಗಳು, ಪಂಚಾಯಿತಿಗಳು ಇನ್ನೂ ಹೊಣೆ ಹೊರಬೇಕಿದೆ.

ಕಡಲ ಮೇಲೆ ಹಡಗು ನಿಲ್ಲಿಸಿ ಅಳೆಯುವ ವಿದ್ಯೆಯಲ್ಲಿ ನಾವು ಹಿಂದುಳಿದವರಲ್ಲ. 1999ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಸ್. ಭಟ್ ಮೊದಲಾದವರು ಬಂಗಾಳಕೊಲ್ಲಿಯ ಮುಂಗಾರಿನ ನಡುವೆ 'ಸಾಗರ ಕನ್ಯಾ' ನೌಕೆಯನ್ನು ನಿಲ್ಲಿಸಿ, ಬಲೂನು ಹಾರಿಸಿ, ನೀರು-ಗಾಳಿಗಳ ನಡುವಿನ ಕೊಡುಕೊಳ್ಳುವಿಕೆಯನ್ನು ಅಳೆದರು. 2016ರಲ್ಲಿ ಅದೇ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಅವರ ಮುಂದಾಳತ್ವದ ತಂಡ 'ಸಿಂಧು ಸಾಧನ'ದಲ್ಲಿ ಕುಳಿತು, ಬ್ರಿಟನ್ನಿನ ಗೆಳೆಯರ ನೀರೊಳಗಿನ ಗ್ಲೈಡರುಗಳ ನೆರವಿನಿಂದ ಅದೇ ಕಡಲನ್ನು ಮತ್ತೆ ಬಗೆದು ನೋಡಿತು. ಹಿಮದ ಅಂಚಿಗೆ ಹೋಗಬಲ್ಲಷ್ಟು ಗಟ್ಟಿಯ 'ಸಾಗರ ನಿಧಿ'ಯೂ ನಮ್ಮಲ್ಲಿದೆ. ಹಿಮವನ್ನು ಒಡೆದು ಒಳಹೋಗುವ ಸ್ವಂತ ಸಂಶೋಧನಾ ಹಡಗು ಮಾತ್ರ ಇಲ್ಲ. ಅಂಟಾರ್ಕ್ಟಿಕಕ್ಕೆ ಪ್ರತಿ ಸಲ ವಿದೇಶಿ ಹಡಗನ್ನು ಬಾಡಿಗೆಗೆ ಪಡೆಯುತ್ತೇವೆ. 2014ರಲ್ಲಿ ಕೇಂದ್ರ ಸಂಪುಟ ಧ್ರುವ ಸಂಶೋಧನಾ ನೌಕೆಗೆ ಒಪ್ಪಿಗೆ ಕೊಟ್ಟರೂ ಅದು ನೀರಿಗಿಳಿಯಲಿಲ್ಲ. 2022ರಲ್ಲಿ ಆರ್ಕ್ಟಿಕ್ ನೀತಿ ಬಂತು. 2023ರ ಡಿಸೆಂಬರಿನಿಂದ ಹಿಮಾದ್ರಿಯಲ್ಲಿ ಚಳಿಗಾಲದಲ್ಲೂ ನಮ್ಮವರು ನಿಲ್ಲತೊಡಗಿದರು. 2025ರ ಜೂನ್‌ನಲ್ಲಿ ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆ ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯ ಜತೆ ಧ್ರುವ ನೌಕೆಯ ವಿನ್ಯಾಸಕ್ಕಾಗಿ ಒಡಂಬಡಿಕೆಗೆ ಸಹಿ ಹಾಕಿತು.

ಬಾಡಿಗೆಯ ಹಡಗಿನಲ್ಲಿ ಏನು ತೊಂದರೆ ಎಂದು ಕೇಳುವವರುಂಟು. ಬಾಡಿಗೆಯವನ ಹೊತ್ತು ಬೇರೆ, ಕಡಲಿನ ಹೊತ್ತು ಬೇರೆ. ಪ್ರತಿ ವರ್ಷ ಒಂದೇ ಜಾಗದಲ್ಲಿ, ಒಂದೇ ಋತುವಿನಲ್ಲಿ, ಒಂದೇ ರೀತಿಯಲ್ಲಿ ಅಳೆದ ಸಾಲು ಇದ್ದರೆ ಮಾತ್ರ ಕಡಲು ಬದಲಾಗುತ್ತಿದೆಯೇ ಎಂದು ಹೇಳಲು ಬರುತ್ತದೆ, ನಡುವೆ ಬಿಟ್ಟುಹೋದ ವರ್ಷವನ್ನು ಆಮೇಲೆ ಹೋಗಿ ಅಳೆಯಲು ಬಾರದು. ಯಾರದೋ ಯಾನದಲ್ಲಿ ಎರಡು ಜಾಗ ಕೇಳಿ ಪಡೆಯುವುದಕ್ಕೂ, ಎಲ್ಲಿ ನಿಲ್ಲಬೇಕು, ಎಷ್ಟು ಆಳಕ್ಕೆ ಇಳಿಸಬೇಕು ಎಂದು ನಾವೇ ತೀರ್ಮಾನಿಸುವುದಕ್ಕೂ ಬಹಳ ಅಂತರವಿದೆ. ಮೊಸಾಯಿಕ್‌ನ ದತ್ತಾಂಶ 2023ರ ಜನವರಿಯಿಂದ ಯಾರು ಬೇಕಾದರೂ ನೋಡಬಹುದಾದಂತೆ ತೆರೆದುಕೊಂಡಿದೆ. ಹೈದರಾಬಾದಿನ ವಿದ್ಯಾರ್ಥಿಯೂ ಅದನ್ನು ಇಳಿಸಿಕೊಳ್ಳಬಹುದು. ಪಡೆಯುವ ಈ ಸಾಲಿನಲ್ಲಿ ನಿಂತವರು ಕೊಡುವ ಸಾಲಿನಲ್ಲೂ ನಿಲ್ಲಬೇಡವೇ?

ಹಡಗು ಕಟ್ಟಲು ವರ್ಷಗಳು ಬೇಕು, ಆ ಹಡಗಿನ ಅಂಗಳದಲ್ಲಿ ಕೆಲಸ ಮಾಡುವವರನ್ನು ತಯಾರು ಮಾಡಲು ಇನ್ನೂ ಹೆಚ್ಚು. ವಿಂಚಿನ ಹಗ್ಗ ಬಿಗಿಯಾದ ಸದ್ದನ್ನು ಗುರುತಿಸುವುದು, ಕೈಗವಸಿನಲ್ಲೇ ಸಂವೇದಕದ ತಿರುಪು ಬಿಚ್ಚುವುದು, ಮಾಪಕ ಸುಳ್ಳು ಹೇಳುತ್ತಿದೆಯೆಂದು ಪರದೆ ನೋಡಿ ಅನುಮಾನಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಇಂಕಾಯ್ಸ್ ಆವರಣದಲ್ಲೇ ಯುನೆಸ್ಕೊ ಮಾನ್ಯತೆಯ ಅಂತರರಾಷ್ಟ್ರೀಯ ಸಾಗರವಿಜ್ಞಾನ ತರಬೇತಿ ಕೇಂದ್ರವಿದ್ದು, ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳ ಜನ ಅಲ್ಲಿಗೆ ಕಲಿಯಲು ಬರುತ್ತಾರೆ. ಕಲಬುರಗಿ, ಬೀದರ್, ರಾಯಚೂರುಗಳಿಂದ ಅದು ರೈಲಿನ ಕೆಲವೇ ಗಂಟೆಗಳ ದಾರಿ. ಭೌತವಿಜ್ಞಾನ, ಗಣಿತ ಓದುತ್ತಿರುವ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಕಾಲೇಜಿನಲ್ಲಿ ಯಾರಾದರೂ ಈ ವಿಷಯ ಹೇಳಬೇಕು. ಕೋಲ್ಕತ್ತದಲ್ಲಿ ಕಟ್ಟಲಿರುವ ನೌಕೆ ಮೊದಲ ಸಲ ಹಿಮಕ್ಕೆ ಮೂತಿಯೊಡ್ಡುವ ಹೊತ್ತಿಗೆ ಅದರ ಸಿಟಿಡಿ ಕೋಣೆಯಲ್ಲಿ ಕೂರಬೇಕಾದವರು ಈಗ ಈ ಕಾಲೇಜುಗಳ ತರಗತಿಗಳಲ್ಲಿ ಕುಳಿತಿದ್ದಾರೆ.